ಜಾಲಿ ಕಂಟಿಯ ಹಿನ್ನೀರಿಗೆ ಝಡ್-ಮ್ಯಾನ್ ರಬ್ಬರ್ ಮೀನು ಹೇಗಿದೆ?

ಝಡ್-ಮ್ಯಾನ್ ಕಂಪನಿಯ ನಾಲ್ಕು ಇಂಚಿನ ಡೀಜಲ್ ಮಿನ್ನೋ ಅಮೆರಿಕದಲ್ಲಿ ಬ್ಯಾಸ್ ಎಂಬ ಬೇಟೆ ಮೀನು ಹಿಡಿಯಲೂ ಬಳಸುವ, ಮೀನಿನಾಕಾರದ ಮೆದು ಬೇಟ್ (ಕೃತಕ ಎರೆ). ನಮ್ಮ ಕಡೆ ಬ್ಯಾಸ್ ಇಲ್ಲ. ಆದರೆ ಬಾಗಲಕೋಟೆ ಸುತ್ತಲಿನ ಆಲಮಟ್ಟಿ ಹಿನ್ನೀರಿನಲ್ಲಿ ಮುರ್ರೆಲ್ (ಹಾವಿನಂಥ ತಲೆಯ ಸಿಹಿನೀರಿನ ಮೀನು) ಇದೆ. ಅದೂ ಕಂಟಿ, ಕಳೆಗಳ ಮರೆಯಲ್ಲಿ ಹೊಂಚು ಹಾಕಿ ಹೊಡೆಯುವ ಮೀನೇ. ಹಾಗಾಗಿ ಬ್ಯಾಸ್‌ಗೆಂದು ರೂಪಿಸಿದ ಜೋಡಣೆ ಇಲ್ಲಿಯೂ ಚೆನ್ನಾಗಿ ನಡೆಯುತ್ತದೆ.

ಇದರ ದೊಡ್ಡ ಗುಣ ಎಲಾಝ್‌ಟೆಕ್ ಎಂಬ ವಸ್ತು. ರಬ್ಬರಿನಂತೆ ಉದ್ದಕ್ಕೆ ಹಿಗ್ಗುತ್ತದೆ, ಮುರ್ರೆಲ್ ಹಲ್ಲಿಗೆ ಸುಲಭಕ್ಕೆ ಹರಿಯುವುದಿಲ್ಲ, ನೀರಿನಲ್ಲಿ ತೇಲುತ್ತದೆ. ಸಾಮಾನ್ಯ ಪಿವಿಸಿ (ಮೆದು ಪ್ಲಾಸ್ಟಿಕ್) ಬೇಟ್ ಎರಡು ಮೂರು ಹೊಡೆತಕ್ಕೇ ಮೂಗು ಹರಿದುಕೊಳ್ಳುವಲ್ಲಿ ಇದು ಬಹಳ ಹೊತ್ತು ಬಾಳುತ್ತದೆ. ಆದರೆ ಇದೇ ಗಟ್ಟಿತನದಿಂದ ಕೊಕ್ಕೆ ಚುಚ್ಚುವುದು ಕಷ್ಟ. ಕೊಕ್ಕೆಯನ್ನು ನೀರಿನಲ್ಲಿ ಅದ್ದಿ ಚುಚ್ಚಿದರೆ ಸಲೀಸು.

ಕೊಕ್ಕೆ 4/0 ಅಳತೆಯ ಅಗಲ ಬಾಗಿನ ಆಫ್‌ಸೆಟ್ (ಕಣ್ಣಿನ ಬಳಿ ಮೆಟ್ಟಿಲಿನಂತೆ ಬಾಗಿದ್ದು) ಇರಲಿ, ಹೊಟ್ಟೆಯ ಬಳಿ 3.5 ಗ್ರಾಂ ತೂಕ ಕೂಡಿಸಿದ್ದಾದರೆ ಇನ್ನೂ ಒಳ್ಳೆಯದು. ಮುಂದೆ ಬುಲೆಟ್ ಸೀಸ (ಗುಂಡಿನಾಕಾರದ ತೂಕ) ಹಾಕಿದರೆ ತಲೆ ಕೆಳಗಾಗಿ ಬಾಲದ ಬಡಿತ ಮಂಕಾಗುತ್ತದೆ. ತೂಕ ಹೊಟ್ಟೆಯಲ್ಲಿದ್ದರೆ ಬೇಟ್ ನೆಟ್ಟಗೆ ನಿಂತು ನಿಧಾನವಾಗಿ ಇಳಿಯುತ್ತದೆ.

ಮೂಗಿನ ನಡುಮಧ್ಯೆ ಮೊನೆ ಚುಚ್ಚಿ, ಐದಾರು ಮಿಲಿಮೀಟರ್ ಒಳಗೆ ಸಾಗಿಸಿ, ಹೊಟ್ಟೆಯ ಕಡೆ ಹೊರತೆಗೆಯಿರಿ. ಕೊಕ್ಕೆಯ ಕಣ್ಣು ಮೂಗಿನೊಳಗೆ ಕೂರುವವರೆಗೆ ಎಳೆದು, ಮೊನೆ ಬೇಟ್‌ನ ಮೈ ಕಡೆ ಬರುವಂತೆ ಅರ್ಧ ಸುತ್ತು ತಿರುಗಿಸಿ. ಈಗ ಕೊಕ್ಕೆಯನ್ನು ಬೇಟ್‌ನ ಪಕ್ಕಕ್ಕೆ ಹಿಡಿದು ನೋಡಿ: ಬಾಗು ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಉಗುರಿನಿಂದ ಗುರುತು ಮಾಡಿ. ಆ ಜಾಗದಲ್ಲಿ ಹೊಟ್ಟೆಯಿಂದ ಬೆನ್ನಿಗೆ ನೇರ ಚುಚ್ಚಿ, ಮೊನೆಯನ್ನು ಬೆನ್ನಿನ ಮೇಲೆ ಒರಗಿಸಿ. ಜಾಲಿ ದಟ್ಟ ಇದ್ದರೆ ಮೊನೆಯ ತುದಿಯನ್ನು ಮಾತ್ರ ಚರ್ಮಕ್ಕೆ ಸಿಕ್ಕಿಸಿ. ಆಳಕ್ಕೆ ಹೂತರೆ ಈ ವಸ್ತು ಕೊಕ್ಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೀನು ಕಚ್ಚಿದರೂ ಮೊನೆ ಹೊರಬರುವುದಿಲ್ಲ.

ಹೆಚ್ಚಿನವರು ಎಡವುವುದು ಆ ಗುರುತಿನಲ್ಲಿಯೇ. ಗುರುತಿಗಿಂತ ಹಿಂದೆ ಚುಚ್ಚಿದರೆ ಮೈ ಮಡಚಿಕೊಳ್ಳುತ್ತದೆ, ಮುಂದೆ ಚುಚ್ಚಿದರೆ ಎಳೆದುಕೊಂಡು ಬಾಗುತ್ತದೆ. ಎರಡರಲ್ಲೂ ಬೇಟ್ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ, ಮೀನೂ ದೂರ ಸರಿಯುತ್ತದೆ. ಎಸೆಯುವ ಮೊದಲು ದಂಡೆಯ ಪಕ್ಕದಲ್ಲಿ ಒಂದು ಮೀಟರ್ ಎಳೆದು ನೋಡಿ. ಬಾಲ ಬಡಿಯಬೇಕು, ಮೈ ತಿರುಗಬಾರದು. ಮೂಗು ಕೊಕ್ಕೆಯಿಂದ ಜಾರುತ್ತಿದ್ದರೆ ಕೊಕ್ಕೆಯ ಕಣ್ಣಿನ ಬುಡಕ್ಕೆ ಸೂಪರ್ ಗ್ಲೂ ಒಂದು ಹನಿ ಸಾಕು.

ದಾರ 30 ಪೌಂಡ್ ಬ್ರೇಡ್ (ಹೆಣೆದ ದಾರ), ಮುಂದೆ ಅರ್ಧ ಮೀಟರ್ 40 ಪೌಂಡ್ ಮೋನೊ ಲೀಡರ್ (ಒಂದೇ ಎಳೆಯ ತುದಿದಾರ). ಇದಕ್ಕಿಂತ ತೆಳ್ಳಗಿದ್ದರೆ ಮುಳುಗಿದ ಜಾಲಿಯ ಮುಳ್ಳಿಗೆ ಉಜ್ಜಿ ಹೋಗುತ್ತದೆ. ಮೀನು ಹೊಡೆದ ತಕ್ಷಣ ಎಳೆಯಬೇಡಿ. ಸಡಿಲ ದಾರ ಸುತ್ತಿ, ಭಾರ ಕೈಗೆ ಬಂದ ಮೇಲೆ ಜೋರಾಗಿ ಎತ್ತಿ: ಮೊನೆ ಬೇಟ್‌ನಿಂದ ಬಿಡಿಸಿಕೊಂಡು ಮುರ್ರೆಲ್‌ನ ಎಲುಬಿನ ಬಾಯಿಗೂ ನಾಟಬೇಕು. ಮೆತ್ತನೆಯ ರಾಡ್‌ಗೆ ಇದು ಸಾಧ್ಯವಿಲ್ಲ.

ಇಟ್ಟುಕೊಳ್ಳುವ ವಿಷಯದಲ್ಲಿ ಎಚ್ಚರ ಬೇಕು. ಬೇರೆ ಮೆದು ಪ್ಲಾಸ್ಟಿಕ್ ಬೇಟ್‌ಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿದರೆ ಎರಡೂ ಕರಗಿ ಅಂಟಾಗುತ್ತವೆ. ಅದರದೇ ಪೊಟ್ಟಣದಲ್ಲಿ ಬಾಲ ಮಡಚದಂತೆ ಇಡಿ. ವಿಜಯಪುರದ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಂತೂ ಬಿಡಲೇಬೇಡಿ.

ಅಂತರಗಂಗೆ ಚಾಪೆಯಂತೆ ಹಬ್ಬಿದ ಕೆರೆಗೆ ಇದು ತಕ್ಕದ್ದಲ್ಲ, ಅಲ್ಲಿ ಕಪ್ಪೆಯಾಕಾರದ ಬೇಟ್ ಮೇಲು. ಕಂಟಿಗಳ ನಡುವೆ ಎರಡು ಮೂರು ಅಡಿ ತಿಳಿನೀರು ಇದ್ದರೆ ಮಾತ್ರ ಇದನ್ನು ಬಳಸಿ. ಗುತ್ತಿಗೆಗೆ ಕೊಟ್ಟ ಕೆರೆಯಾದರೆ ಗುತ್ತಿಗೆದಾರರ ಒಪ್ಪಿಗೆ ಮೊದಲೇ ಕೇಳಿ.