ನಾಲ್ಕು ಮಹಡಿಗೆ ಒಂದೇ ಲೆಕ್ಕದಲ್ಲಿ ಎಸಿ ಹಾಕಿಸಿ ಕೈ ಸುಟ್ಟುಕೊಂಡೆ. ಕಟ್ಟಡ ಕಟ್ಟಿಸುತ್ತಿರುವವರು ಓದಿ

ಸುರತ್ಕಲ್ ಕಡೆ ನನ್ನದೊಂದು ಸಣ್ಣ ವಾಣಿಜ್ಯ ಕಟ್ಟಡ ಇದೆ. ಕೆಳಗೆ ನಮ್ಮದೇ ಸೀರೆ ಅಂಗಡಿ. ಅದರ ಮೇಲೆ ರಕ್ತಪರೀಕ್ಷೆಯ ಲ್ಯಾಬ್, ಅದರ ಮೇಲೆ ಸಿಇಟಿ, ನೀಟ್ ಕೋಚಿಂಗ್ ಕ್ಲಾಸು, ತುದಿಯಲ್ಲಿ ಒಂದು ಆಫೀಸು. ಒಂದೊಂದು ಮಹಡಿಯೂ 2,000 ಚದರಡಿ. ರಾತ್ರಿ ಹೆದ್ದಾರಿಯ ಗಲಾಟೆ ಕಡಿಮೆಯಾದರೆ ಕಡಲಿನ ಸದ್ದು ಕೇಳುತ್ತದೆ. ಇದನ್ನು ಚಂದಕ್ಕೆ ಬರೆದದ್ದಲ್ಲ. ಆ ಕಡಲಿನಿಂದಲೇ ನನ್ನ ದುಡ್ಡು ಎಷ್ಟು ಹೋಯಿತು ಅಂತ ಮುಂದೆ ಹೇಳುತ್ತೇನೆ.

2023ರ ಮಾರ್ಚ್‌ನಲ್ಲಿ ಇಡೀ ಕಟ್ಟಡಕ್ಕೆ ಎಸಿ ಹಾಕಿಸಿದೆ. ಖರ್ಚು 38 ಲಕ್ಷ. ಅದನ್ನು ಸರಿ ಮಾಡಿಸಲು ಈವರೆಗೆ ಮತ್ತೆ 15 ಲಕ್ಷ ಆಗಿದೆ. ಜೊತೆಗೆ ಒಬ್ಬ ಬಾಡಿಗೆದಾರ ಬಿಟ್ಟು ಹೋದ. ಗುತ್ತಿಗೆದಾರನ ಹೆಸರು ಹೇಳುವುದಿಲ್ಲ, ಕಂಪೆನಿಯ ಹೆಸರೂ ಬೇಡ. ಕಂಪೆನಿಯದ್ದು ಒಳ್ಳೆಯ ಮಿಷನ್ನೇ. ಅದನ್ನು ಆರಿಸಿದ ರೀತಿ, ಕೂರಿಸಿದ ರೀತಿ ಎರಡೂ ಕೆಟ್ಟದಿತ್ತು. ಆರಿಸಿದ್ದರಲ್ಲಿ ಅರ್ಧ ಪಾಲು ನನ್ನದೂ ಇದೆ.

ಆ ಗುತ್ತಿಗೆದಾರ ಬಂದದ್ದು ಒಂದು ಮಧ್ಯಾಹ್ನ. ಕೈಯಲ್ಲಿ ಲೇಸರ್ ಟೇಪು. ನಾಲ್ಕೂ ಮಹಡಿ ಸುತ್ತಿ, ಇಪ್ಪತ್ತೇ ನಿಮಿಷದಲ್ಲಿ ಲೆಕ್ಕ ಹೇಳಿದ. "ನೂರು ಚದರಡಿಗೆ ಒಂದು ಟನ್ ಸರ್. ನಿಮ್ಮದು ಎಂಟು ಸಾವಿರ. ಎಂಬತ್ತು. ವಿಆರ್‌ವಿ ಹಾಕಿಬಿಡೋಣ, ಹೊರಗಿನ ಯೂನಿಟ್ ಎರಡೇ ಸೆಟ್, ಕಟ್ಟಡದ ಮುಖ ಕ್ಲೀನಾಗಿ ಕಾಣುತ್ತದೆ." ಮುಖ ಕ್ಲೀನಾಗಿ ಕಾಣುವ ಮಾತಿಗೆ ನಾನು ಬಿದ್ದೆ. ಆರ್ಕಿಟೆಕ್ಟ್ ಕೂಡ ತಲೆ ಆಡಿಸಿದರು. (ಹೊರಗಿನ ಒಂದು ಸೆಟ್ಟಿನಿಂದ ಒಂದೇ ಪೈಪಿನ ಜಾಲದಲ್ಲಿ ಒಳಗಿನ ಹಲವು ಯೂನಿಟ್ಟಿಗೆ ತಂಪು ಹಂಚುವ ಎಸಿ ಇದು. ವಿಆರ್‌ವಿ ಅನ್ನುವುದು ಡೈಕಿನ್‌ನವರ ಹೆಸರು, ಉಳಿದವರು ವಿಆರ್‌ಎಫ್ ಅನ್ನುತ್ತಾರೆ. ನಮ್ಮ ಕಡೆ ಎಲ್ಲದಕ್ಕೂ ವಿಆರ್‌ವಿ ಅಂತಲೇ ಹೇಳುತ್ತಾರೆ. ನನ್ನದು ಡೈಕಿನ್ ಅಲ್ಲ.)

ಒಂದು ಪ್ರಶ್ನೆಯನ್ನೂ ಆತ ಕೇಳಲಿಲ್ಲ. ಯಾವ ಮಹಡಿಯಲ್ಲಿ ಎಷ್ಟು ಜನ ಕೂರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಪಶ್ಚಿಮಕ್ಕೆ ಗಾಜು ಎಷ್ಟಿದೆ, ಬಾಗಿಲು ಎಷ್ಟು ಸಲ ತೆರೆಯುತ್ತದೆ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಒಂದೂ ಇಲ್ಲ. ನನಗೂ ಇದೆಲ್ಲ ಕೇಳಬೇಕಾದ ಪ್ರಶ್ನೆ ಅಂತ ಗೊತ್ತಿರಲಿಲ್ಲ.

ಕೊಟೇಶನ್‌ನಲ್ಲಿ "80" ಅಂತ ಇತ್ತು. ಪಕ್ಕದಲ್ಲಿ ಎಚ್‌ಪಿ ಅಂತ ಬರೆದಿದ್ದ. ಬಾಯಲ್ಲಿ ಹೇಳಿದ್ದು ಟನ್, ಕಾಗದದಲ್ಲಿ ಎಚ್‌ಪಿ. ಎರಡೂ ಒಂದೇ ಅಂದುಕೊಂಡೆ. ಒಂದೇ ಅಲ್ಲ ಮಾರಾಯ್ರೆ. ಒಂದು ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ತಂಪು. ವಿಆರ್‌ಎಫ್ ಲೆಕ್ಕದ ಒಂದು ಎಚ್‌ಪಿ ಅಂದರೆ 2.8 ಕಿಲೋವ್ಯಾಟ್. ಅಂದರೆ ನನಗೆ ಸಿಕ್ಕಿದ್ದು 80 ಟನ್ ಅಲ್ಲ, ಸುಮಾರು 64. ಇದು ಗೊತ್ತಾಗಿದ್ದು ದುಡ್ಡು ಕೊಟ್ಟು ಒಂದೂವರೆ ವರ್ಷದ ಮೇಲೆ.

ಏಪ್ರಿಲ್, ಮೇ ಸೆಕೆಯಲ್ಲಿ ಅಂಗಡಿ ಒಳ್ಳೆ ತಂಪಾಗಿತ್ತು. ಬಂದವರೆಲ್ಲ ಹೊಗಳಿದರು. ಪೂರ್ತಿ ಹಣ ಕೊಟ್ಟು ಲೆಕ್ಕ ಮುಗಿಸಿದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕರಾವಳಿಯ ಮಳೆಗಾಲ ಗೊತ್ತಲ್ಲ, ಹೊರಗೆ 27 ಡಿಗ್ರಿ ಅಷ್ಟೇ, ಆದರೆ ಗಾಳಿ ಒದ್ದೆ ಬಟ್ಟೆಯ ಹಾಗೆ. ಒಂದು ಬೆಳಗ್ಗೆ ನೋಡಿದರೆ ಅಂಗಡಿಯ ಮುಂದಿನ ಗಾಜು ಹೊರಗಡೆಯಿಂದ ಮಂಜು ಹಿಡಿದಿದೆ. ಶೋಕೇಸ್‌ನಲ್ಲಿ ಇಟ್ಟ ಸೀರೆ ಕಾಣುವುದೇ ಇಲ್ಲ. ಬಾಗಿಲ ಹತ್ತಿರದ ಸ್ಟೀಲ್ ರ‍್ಯಾಕ್ ಮೇಲೆ ನೀರಿನ ಹನಿ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಒಳಗೆ ಕಾಲಿಟ್ಟರೆ ಮುಗ್ಗಲು ವಾಸನೆ. ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಬೂಷ್ಟು ಚುಕ್ಕೆ. ಒಟ್ಟು 43 ಸೀರೆ ಹಾಳಾಯಿತು.

ಗುತ್ತಿಗೆದಾರನಿಗೆ ಫೋನ್ ಮಾಡಿದರೆ "ಟೆಂಪರೇಚರ್ ಇನ್ನೂ ಕಡಿಮೆ ಇಡಿ ಸರ್" ಅಂದ. 20ಕ್ಕೆ ಇಟ್ಟೆವು. ಇನ್ನೂ ಜಾಸ್ತಿ ಆಯಿತು.

ಇದು ಯಾಕೆ ಹೀಗೆ ಅಂತ ಕೊನೆಗೆ ಬಿಡಿಸಿ ಹೇಳಿದವರು ಒಬ್ಬ ನಿವೃತ್ತ ಎಂಜಿನಿಯರ್. ಪರಿಚಯದವರ ಮೂಲಕ ಸಿಕ್ಕಿದರು. ಎಸಿ ಎರಡು ಕೆಲಸ ಮಾಡುತ್ತದೆ. ಗಾಳಿ ತಂಪು ಮಾಡುವುದು ಒಂದು, ಗಾಳಿಯ ನೀರು ಹಿಂಡುವುದು ಇನ್ನೊಂದು. ನೀರು ಹಿಂಡಬೇಕಾದರೆ ಒಳಗಿನ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆಯ ಸುರುಳಿ, ಬಹಳ ಹೊತ್ತು ತಣ್ಣಗೆ ಇರಬೇಕು. ನಮ್ಮ ಅಂಗಡಿಗೆ ಬೇಕಾದದ್ದು 11 ಟನ್, ಕೂರಿಸಿದ್ದು 16. ಮಳೆಗಾಲದಲ್ಲಂತೂ ಅಷ್ಟೂ ಬೇಡ. ಹಾಗಾಗಿ ಯೂನಿಟ್ ಐದು ನಿಮಿಷದಲ್ಲಿ ರೂಮನ್ನು ತಂಪು ಮಾಡಿ ಸುಮ್ಮನಾಗುತ್ತಿತ್ತು. ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು. ಕಾಯಿಲ್ ಮೇಲೆ ಕೂತಿದ್ದ ನೀರನ್ನೇ ಆ ಫ್ಯಾನ್ ಮತ್ತೆ ಅಂಗಡಿಯೊಳಗೆ ಊದುತ್ತಿತ್ತು. ಅವರು ಒಂದು ಸಣ್ಣ ಹೈಗ್ರೋಮೀಟರ್ ಮೇಜಿನ ಮೇಲಿಟ್ಟರು. 21 ಡಿಗ್ರಿ, ತೇವಾಂಶ 78 ಪರ್ಸೆಂಟ್. ಬಟ್ಟೆ ಇರುವ ಜಾಗದಲ್ಲಿ ಅದು 60 ದಾಟಬಾರದಂತೆ. ಆ ಮೀಟರಿಗೆ ಆರುನೂರು ರೂಪಾಯಿ. 38 ಲಕ್ಷದ ಕೆಲಸದಲ್ಲಿ ಅದನ್ನು ಯಾರೂ ಒಮ್ಮೆಯೂ ಇಟ್ಟು ನೋಡಿರಲಿಲ್ಲ.

ಈಗ ಕೋಚಿಂಗ್ ಕ್ಲಾಸಿನ ಕಥೆ. ಇದು ಉಲ್ಟಾ. ಅಲ್ಲಿ 150 ಮಕ್ಕಳು. ಕೂತಿರುವ ಒಬ್ಬ ಮನುಷ್ಯನ ಮೈಯಿಂದ ಹಳೇ ಕಾಲದ ನೂರು ವಾಟ್ ಬಲ್ಬಿನಷ್ಟು ಬಿಸಿ ಬರುತ್ತದೆ. 150 ಬಲ್ಬು ಹಚ್ಚಿಟ್ಟ ಹಾಗೆ. ಅದಕ್ಕಿಂತ ದೊಡ್ಡದು ಹೊರಗಿನ ಗಾಳಿಯ ವಿಷಯ. ಅಷ್ಟು ಜನಕ್ಕೆ ಉಸಿರಾಡಲು ಹೊಸ ಗಾಳಿ ಬೇಕೇ ಬೇಕು, ಆ ಗಾಳಿ ನಮ್ಮಲ್ಲಿ ಒದ್ದೆ ಗಾಳಿ. ಎಂಜಿನಿಯರ್ ಲೆಕ್ಕದಲ್ಲಿ ಹೊಸ ಗಾಳಿಯನ್ನು ಒಣಗಿಸಿ ತಂಪು ಮಾಡುವುದಕ್ಕೇ ಸುಮಾರು 12 ಟನ್. ಎಲ್ಲ ಸೇರಿ ಆ ಮಹಡಿಗೆ 23 ಟನ್ ಬೇಕಿತ್ತು. ಇದ್ದದ್ದು 16. ಹೊಸ ಗಾಳಿಗೆ ವ್ಯವಸ್ಥೆಯೇ ಇರಲಿಲ್ಲ. ಕೊಟೇಶನ್‌ನಲ್ಲಿ ಆ ಪದವೇ ಇಲ್ಲ.

ಪಾಠ ಶುರುವಾಗಿ ಒಂದು ಗಂಟೆಗೆ ಮಕ್ಕಳು ತೂಕಡಿಸುತ್ತಿದ್ದರು. ಮೇಷ್ಟ್ರು ಮಕ್ಕಳನ್ನು ಬೈದರು, ಮಕ್ಕಳು ತಲೆನೋವು ಅಂದರು, ತಂದೆತಾಯಿ ಬಂದು ನನ್ನನ್ನು ಬೈದರು. ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು ನೋಡಿದರೆ 2,800 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು) ದಾಟಿತ್ತು. ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು. ಗುತ್ತಿಗೆದಾರ ಬಂದು ಗೋಡೆಗೆ ನಾಲ್ಕು ಎಕ್ಸಾಸ್ಟ್ ಫ್ಯಾನ್ ಹೊಡೆದು ಹೋದ. ಫ್ಯಾನ್ ಒಳಗಿನ ಗಾಳಿ ಎಳೆದ ಹಾಗೆ ಕಿಟಕಿ ಸಂದಿಯಿಂದ ಹಸಿ ಗಾಳಿ ನುಗ್ಗಿತು. ತೂಕಡಿಕೆ ಹೋಗಿ ಬೆವರು ಬಂತು. ಮುಂದಿನ ಏಪ್ರಿಲ್‌ನಲ್ಲಿ ಕೋಚಿಂಗ್‌ನವರು ಅಡ್ವಾನ್ಸ್ ವಾಪಸ್ ಕೇಳಿ ಖಾಲಿ ಮಾಡಿದರು. ಅವರ ಮೇಲೆ ನನಗೆ ಬೇಜಾರಿಲ್ಲ.

ಲ್ಯಾಬಿಗೆ ಬೇಕಾದದ್ದು 9, ಆಫೀಸಿಗೆ 15. ಆಫೀಸು ತುದಿಯಲ್ಲಿದೆ, ಮೇಲೆ ಕಾದ ಸ್ಲ್ಯಾಬ್, ಪಶ್ಚಿಮಕ್ಕೆ ಪೂರ್ತಿ ಗಾಜು. ನಾಲ್ಕನ್ನೂ ಕೂಡಿಸಿ ನೋಡಿ. 58. ನನ್ನಲ್ಲಿದ್ದದ್ದು 64. ಒಟ್ಟು ಮೊತ್ತ ಹೆಚ್ಚುಕಡಿಮೆ ಸರಿಯೇ ಇತ್ತು! ಹಂಚಿದ್ದು ಮಾತ್ರ ಮದುವೆ ಊಟದ ಹಾಗೆ, ಎಲ್ಲರ ಎಲೆಗೂ ಒಂದೇ ಅಳತೆ.

ಎರಡೇ ಸೆಟ್ ಅಂತ ಖುಷಿಪಟ್ಟಿದ್ದೆನಲ್ಲ, ಅದರ ಫಲವನ್ನೂ ಹೇಳುತ್ತೇನೆ. ಅಂಗಡಿ ಮತ್ತು ಲ್ಯಾಬ್ ಒಂದು 40 ಎಚ್‌ಪಿ ಸೆಟ್ಟಿಗೆ, ಮೇಲಿನ ಎರಡು ಇನ್ನೊಂದಕ್ಕೆ. ಲ್ಯಾಬಿನ ಒಂದು ಸಣ್ಣ ಕೋಣೆಯಲ್ಲಿ ರಕ್ತ ಪರೀಕ್ಷಿಸುವ ಮಿಷನ್, ಅನಲೈಸರ್ ಇದೆ, ಅದು ರಾತ್ರಿಯೂ ತಂಪಾಗಿರಬೇಕು. ಆ ಒಂದೂವರೆ ಟನ್ ಕೋಣೆಗೋಸ್ಕರ ರಾತ್ರಿಯಿಡೀ ಆ ದೊಡ್ಡ ಸೆಟ್ ಆನ್, ಆಫ್, ಆನ್, ಆಫ್. ಲೋಟ ನೀರು ಕಾಯಿಸಲು ಹಂಡೆ ಒಲೆ ಹಚ್ಚಿದ ಹಾಗೆ. ಬಿಲ್ ಯಾರದ್ದು? ಹೊರಗಿನ ಯೂನಿಟ್ಟಿಗೆ ಒಂದೇ ಮೀಟರ್. ಪ್ರತಿ ತಿಂಗಳೂ ಲ್ಯಾಬಿನವರಿಗೂ ನಮಗೂ ಜಟಾಪಟಿ. ಬಾಡಿಗೆಗೆ ಕೊಡುವ ಕಟ್ಟಡಕ್ಕೆ ವಿಆರ್‌ಎಫ್ ಬೇಡ ಅಂತ ನಾನು ಹೇಳುತ್ತಿಲ್ಲ. ಒಬ್ಬೊಬ್ಬ ಬಾಡಿಗೆದಾರನಿಗೆ ಒಂದೊಂದು ಸೆಟ್, ಒಂದೊಂದು ಮೀಟರ್ ಇರಲಿ. ಇಪ್ಪತ್ತನಾಲ್ಕು ಗಂಟೆ ಓಡುವ ಕೋಣೆಗೆ ಬೇರೆಯೇ ಸ್ಪ್ಲಿಟ್ ಹಾಕಿ. ಅದಕ್ಕೂ ಒಂದು ಸಾಲದು, ಎರಡು ಹಾಕಿ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

2024ರ ಅಕ್ಟೋಬರ್‌ನಲ್ಲಿ ಆ ಸೆಟ್ ಪೂರ್ತಿ ನಿಂತಿತು. ಗ್ಯಾಸ್ ಸೋರಿ ಖಾಲಿ. ಪೈಪು ಒಂದೇ ಆದ್ದರಿಂದ ಅಂಗಡಿಯೂ ಬಂದ್, ಲ್ಯಾಬೂ ಬಂದ್, ದಸರಾ ವ್ಯಾಪಾರದ ಹೊತ್ತಲ್ಲಿ. 22 ಕೆಜಿ ಆರ್-410ಎ ಅನ್ನುವ ಆ ಗ್ಯಾಸ್ ಗಾಳಿಗೆ ಹೋಯಿತು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕೆಜಿ ಎರಡು ಸಾವಿರ ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ ಅಂತ ಆಮೇಲೆ ತಿಳಿಯಿತು.

ಸೋರಿಕೆ ಹುಡುಕುತ್ತಾ ಎಂಜಿನಿಯರ್ ಒಂದು ತುಂಡು ತಾಮ್ರದ ಪೈಪನ್ನು ಕೊಯ್ದು ಉದ್ದಕ್ಕೆ ಸೀಳಿಸಿದರು. ಒಳಗೆ ಬೆರಳಾಡಿಸಿ ತೋರಿಸಿದರು. ಕಪ್ಪು ಮಸಿ, ಒಲೆ ಮೇಲಿನ ಪಾತ್ರೆಯ ತಳದ ಹಾಗೆ. ಪೈಪ್ ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಸುತ್ತಾ ಬೆಸೆಯಬೇಕಂತೆ. ಹಾಗೆ ಮಾಡದಿದ್ದರೆ ಬೆಂಕಿಯ ಬಿಸಿಗೆ ತಾಮ್ರ ಒಳಗಡೆಯೂ ಸುಟ್ಟು ಹಕ್ಕಳೆ ಏಳುತ್ತದೆ. ಆ ಹಕ್ಕಳೆ ಹರಿದು ಹೋಗಿ ಸಣ್ಣ ಸಣ್ಣ ವಾಲ್ವುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಮೂರು ವಾಲ್ವ್ ಕಟ್ಟಿತ್ತು. ಕೆಲಸ ನಡೆಯುವಾಗ ನಾನು ದಿನವೂ ಅಲ್ಲೇ ಇದ್ದೆ. ನೈಟ್ರೋಜನ್ ಸಿಲಿಂಡರ್ ಒಂದು ಮೂಲೆಯಲ್ಲಿ ನಿಂತಿತ್ತು, ಅದನ್ನು ಪೈಪಿಗೆ ಸೇರಿಸಿದ್ದನ್ನು ನೋಡಿದ ನೆನಪಿಲ್ಲ. ನೀವು ಅಲ್ಲಿದ್ದರೆ ಇದೊಂದನ್ನು ನೋಡಿ. ಬೆಸೆದು ಮುಗಿದ ಮೇಲೆ ಪೈಪಿಗೆ ನೈಟ್ರೋಜನ್ ತುಂಬಿ ಒಂದು ಇಡೀ ದಿನ ಬಿಡಬೇಕು. ಒತ್ತಡ ತೋರಿಸುವ ಗೇಜಿನ ಫೋಟೋ ತುಂಬಿದ ಕೂಡಲೇ ಒಂದು, ಮಾರನೇ ದಿನ ಒಂದು ತೆಗೆದಿಟ್ಟುಕೊಳ್ಳಿ. ಮುಳ್ಳು ಇಳಿದಿದ್ದರೆ ಫಾಲ್ಸ್ ಸೀಲಿಂಗ್ ಮುಚ್ಚಲು ಬಿಡಬೇಡಿ.

ವಾರಂಟಿ ಇತ್ತಲ್ಲ ಅಂತ ಕೇಳುತ್ತೀರಿ. ಇತ್ತು, ಕಂಪ್ರೆಸರ್‌ಗೆ. ಕಂಪ್ರೆಸರ್ ಚೆನ್ನಾಗಿಯೇ ಇದೆ. ಗ್ಯಾಸು, ಪೈಪು, ಬೆಸುಗೆ ಎಲ್ಲ ಗುತ್ತಿಗೆದಾರನ ಜವಾಬ್ದಾರಿ ಅಂತ ಕಂಪೆನಿ. ಗುತ್ತಿಗೆದಾರ ಕೊಟ್ಟ ಗ್ಯಾರಂಟಿ ಒಂದೇ ವರ್ಷ.

ಈಗ ಕಡಲಿನ ವಿಷಯಕ್ಕೆ ಬರುತ್ತೇನೆ. ಹೊರಗಿನ ಯೂನಿಟ್ಟುಗಳನ್ನು ಕಟ್ಟಡದ ಹಿಂದೆ, ಪಕ್ಕದ ಗೋಡೆಗೂ ನಮಗೂ ನಡುವಿನ ಮೂರು ಅಡಿ ಸಂದಿಯಲ್ಲಿ ಒಂದರ ಮೇಲೊಂದು ಕೂರಿಸಿದ್ದರು. ಮುಂದೆ ಚಂದದ ಜಾಲಿ. ಒಂದು ಯೂನಿಟ್ ಬಿಟ್ಟ ಬಿಸಿ ಗಾಳಿಯನ್ನು ಮೇಲಿನದ್ದು ಎಳೆದುಕೊಳ್ಳುತ್ತಿತ್ತು. 2024ರ ಮೇ ಮಧ್ಯಾಹ್ನ ಹೊರಗೆ 35 ಡಿಗ್ರಿ, ಆ ಸಂದಿಯಲ್ಲಿ 49. ಎರಡು ಗಂಟೆಗೆ ಸರಿಯಾಗಿ ಮೇಲಿನ ಮಹಡಿಗಳ ಸೆಟ್ ಟ್ರಿಪ್. ಜಾಲಿ ಕಿತ್ತು ಹಾಕಿದೆವು, ಸ್ವಲ್ಪ ತಗ್ಗಿತು. ಎರಡು ಮಳೆಗಾಲ ಕಳೆದ ಮೇಲೆ ಹಿಂಬದಿಯ ರೆಕ್ಕೆಗಳನ್ನು ಮುಟ್ಟಿದರೆ ಬೆರಳಿಗೆ ಬಿಳಿ ಹುಡಿ ಅಂಟಿತು. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ, ನಡುವೆ ಉಪ್ಪಿನ ತೇವ. ಬ್ಯಾಟರಿಯಲ್ಲಿ ಆಗುವ ಕೆಲಸವೇ ಅಲ್ಲೂ ಆಗುತ್ತದೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಕಡಲ ಬದಿಗೆ ಅಂತಲೇ ಲೇಪನ ಕೊಟ್ಟ ಕಾಯಿಲ್ ಕಾರ್ಖಾನೆಯಿಂದಲೇ ಬರುತ್ತದೆ, ಆರ್ಡರ್ ಮಾಡುವಾಗಲೇ ಹೇಳಬೇಕು. ಆಮೇಲೆ ಡಬ್ಬಿಯಿಂದ ಸ್ಪ್ರೇ ಹೊಡೆಸಿದರೆ ಅಷ್ಟು ಉಪಯೋಗವಿಲ್ಲ, ನಾನು ಹೊಡೆಸಿ ನೋಡಿದ್ದೇನೆ. ಎರಡು ಕಾಯಿಲ್ ಬದಲಾಯಿಸಿ, ಎಲ್ಲವನ್ನೂ ತಾರಸಿಗೆ ಏರಿಸಿ, ನಡುವೆ ಜಾಗ ಬಿಟ್ಟು ಕೂರಿಸಲು ಆರೂವರೆ ಲಕ್ಷ. ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೆಯುತ್ತೇವೆ. ಯೂನಿಟ್ಟುಗಳು ತಾರಸಿಯಲ್ಲಿದ್ದರೂ ಕಟ್ಟಡದ ಮುಖ ಈಗಲೂ ಕ್ಲೀನಾಗಿಯೇ ಕಾಣುತ್ತದೆ.

ಉಳಿದ ದುಡ್ಡು ಹೋದದ್ದು ಹೀಗೆ: ಲ್ಯಾಬಿನ ಕೋಣೆಗೆ ಎರಡು ಸ್ಪ್ಲಿಟ್, ಅಂಗಡಿಗೆ ಗಾಳಿಯ ತೇವ ತೆಗೆಯುವ ಎರಡು ಡಿಹ್ಯುಮಿಡಿಫೈಯರ್, ಆಫೀಸಿನ ಗಾಜಿಗೆ ಫಿಲ್ಮ್, ವಾಲ್ವು, ಗ್ಯಾಸು. ಕೋಚಿಂಗ್ ಇದ್ದ ಮಹಡಿಗೆ ಹೊಸ ಗಾಳಿ ಒಣಗಿಸಿ ಬಿಡುವ ಯೂನಿಟ್ ಇನ್ನೂ ಹಾಕಿಲ್ಲ. ಮುಂದೆ ಯಾರು ಬರುತ್ತಾರೆ ಅಂತ ನೋಡಿ ಹಾಕುತ್ತೇನೆ. ಅಂಗಡಿಯಲ್ಲಿ ಈಗ 25 ಡಿಗ್ರಿ, ತೇವಾಂಶ 55. ಗಿರಾಕಿಗಳು ಯಾರೂ ಸೆಕೆ ಅಂದಿಲ್ಲ.

ಆ ಎಂಜಿನಿಯರಿಗೆ ನಾನು ಕೊಟ್ಟದ್ದು 60 ಸಾವಿರ. ಮೊದಲೇ ಕರೆದಿದ್ದರೂ ಅಷ್ಟೇ ಆಗುತ್ತಿತ್ತು. ಮಿಷನ್ ಮಾರದವರ ಕೈಯಲ್ಲಿ ಮಹಡಿ ಮಹಡಿಯ ಹೀಟ್ ಲೋಡ್, ಅಂದರೆ ಎಸಿ ಎಷ್ಟು ಬಿಸಿ ತೆಗೆಯಬೇಕು ಅನ್ನುವ ಲೆಕ್ಕ ಮಾಡಿಸಿ. ಅದರಲ್ಲಿ ಜನ, ಗಾಜು, ಹೊಸ ಗಾಳಿ ಮೂರೂ ಬೇರೆ ಬೇರೆ ಸಾಲಲ್ಲಿ ಇರಬೇಕು, ಮೇ ತಿಂಗಳಿಗೆ ಒಂದು, ಜುಲೈಗೆ ಒಂದು. ಆ ಹಾಳೆಯನ್ನು ಕೊಟ್ಟು ಕೊಟೇಶನ್ ಕೇಳಿ, ಕಿಲೋವ್ಯಾಟ್‌ನಲ್ಲೇ ಕೇಳಿ. ಟನ್ನು, ಎಚ್‌ಪಿ ಗೊಂದಲವೇ ಇರುವುದಿಲ್ಲ. ಎಸಿಗೆ ಎಷ್ಟು ಕರೆಂಟ್ ಲೋಡ್ ಬೇಕು ಅಂತಲೂ ಬರೆಸಿಕೊಳ್ಳಿ. ಮಂಜೂರು ಮಾಡಿಸಿದ ಲೋಡಿಗೆ ತಿಂಗಳು ತಿಂಗಳು ಫಿಕ್ಸೆಡ್ ಚಾರ್ಜ್ ಕಟ್ಟಬೇಕು, ಎಸಿ ಓಡಲಿ ಬಿಡಲಿ.

ಹಣ ಕೊಡುವಾಗ ಕೊನೆಯ ಹತ್ತು ಪರ್ಸೆಂಟ್ ಹಿಡಿದಿಟ್ಟುಕೊಳ್ಳಿ, ಒಂದು ಬೇಸಿಗೆ ಒಂದು ಮಳೆಗಾಲ ಎರಡೂ ಕಳೆಯುವವರೆಗೆ. ಗುತ್ತಿಗೆದಾರರು ಸುಲಭಕ್ಕೆ ಒಪ್ಪುವುದಿಲ್ಲ. ಅದರ ಬದಲು ಆರು ತಿಂಗಳ ಬ್ಯಾಂಕ್ ಗ್ಯಾರಂಟಿ ಕೊಡುತ್ತೇವೆ ಅಂದರೂ ಅಡ್ಡಿಯಿಲ್ಲ, ಆದರೆ ಸಹಿ ಹಾಕುವ ಮೊದಲು ಆ ಆರು ತಿಂಗಳೊಳಗೆ ಜುಲೈ ಬರುತ್ತದೋ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ.