ಮೆರವಣಿಗೆಯಲ್ಲಿ ಅಲ್ಲ, ನೈಲ್ ದಂಡೆಯಲ್ಲಿ ಗೆದ್ದ ‘ಆಯಿದಾ’

ಇಟಲಿಯ ಸಂಗೀತಕಾರ ಜೂಸೆಪ್ಪೆ ವೆರ್ದಿಯ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ‘ಆಯಿದಾ’ ಎಂದೊಡನೆ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಎರಡನೆಯ ಅಂಕದ ವಿಜಯೋತ್ಸವದ ಮೆರವಣಿಗೆ. 1913ರಲ್ಲಿ, ವೆರ್ದಿ ಹುಟ್ಟಿ ನೂರು ವರ್ಷ ತುಂಬಿದ ನೆನಪಿಗೆ, ವೆರೋನಾದ ರೋಮನ್ ಬಯಲು ರಂಗದಲ್ಲಿ ಇದನ್ನು ಆಡಿದ ಮೇಲಂತೂ ವೈಭವದ ಹೆಸರು ಈ ಒಪೆರಾಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ. ಆದರೆ ನಾಲ್ಕು ಅಂಕಗಳ ಬಹುಪಾಲು ಹೊತ್ತು ನಾವು ನೋಡುವುದು ಒಬ್ಬರನ್ನೋ ಇಬ್ಬರನ್ನೋ ಮಾತ್ರ. ಕಳೆದ ವಾರ ಮಧ್ಯಮ ಗಾತ್ರದ ಒಳಾಂಗಣ ರಂಗಮಂದಿರವೊಂದರಲ್ಲಿ ನಾನು ನೋಡಿದ ಹೊಸ ಪ್ರಯೋಗವು ಈ ಸತ್ಯವನ್ನು ಅರಿತಿತ್ತು. ಅದನ್ನು ಮರೆತ ಕಡೆಗಳಲ್ಲೆಲ್ಲ ಎಡವಿತು.

ಈಜಿಪ್ಟಿನ ಅರಮನೆಯಲ್ಲಿ ದಾಸಿಯಾಗಿರುವ ಇಥಿಯೋಪಿಯಾದ ರಾಜಕುಮಾರಿ ಆಯಿದಾ, ಅವಳನ್ನು ಪ್ರೀತಿಸುತ್ತಲೇ ಅವಳ ನಾಡಿನ ಮೇಲೆ ಯುದ್ಧಕ್ಕೆ ಹೊರಡುವ ಸೇನಾನಿ ರಾದಮೇಸ್, ಅವನನ್ನು ಬಯಸುವ ರಾಜಪುತ್ರಿ ಆಮ್ನೇರಿಸ್ – ಕಥೆ ಇಷ್ಟೇ. ಯುದ್ಧದ ಕಥೆಯಾದ ಈ ಕೃತಿಯನ್ನು ಯುದ್ಧವೇ ತಡೆದದ್ದೂ ಉಂಟು: ಫ್ರಾನ್ಸ್ ಮತ್ತು ಪ್ರಷ್ಯಗಳ ಕಾಳಗದಲ್ಲಿ ಪ್ಯಾರಿಸ್ಸಿಗೆ ಮುತ್ತಿಗೆ ಬಿದ್ದು, ವೇಷಭೂಷಣ ಮತ್ತು ರಂಗಸಜ್ಜಿಕೆಗಳು ಅಲ್ಲೇ ಸಿಕ್ಕಿಕೊಂಡಿದ್ದರಿಂದ, ಕೈರೋದ ಮೊದಲ ಪ್ರದರ್ಶನ 1871ರ ಡಿಸೆಂಬರ್ 24ರವರೆಗೆ ಮುಂದೆ ಹೋಯಿತು.

ರಾದಮೇಸನ ಪಾತ್ರದ ಟೆನರ್ (ಎತ್ತರದ ಪುರುಷ ದನಿಯ) ಗಾಯಕನಿಗೆ ಈ ಒಪೆರಾ ಕರುಣೆ ತೋರುವುದಿಲ್ಲ. ಪರದೆ ಎದ್ದು ಕೆಲವೇ ನಿಮಿಷಗಳಲ್ಲಿ, ಕಂಠ ಇನ್ನೂ ಹದಗೊಳ್ಳುವ ಮೊದಲೇ, ‘ಚೆಲೆಸ್ತೆ ಆಯಿದಾ’ ಹಾಡಬೇಕು. ಅದರ ಕೊನೆಯ ಎತ್ತರದ ಸ್ವರವನ್ನು ಮೆಲ್ಲಗೆ, ಆರಿಹೋಗುವಂತೆ ಹಾಡಬೇಕೆಂದು ವೆರ್ದಿ ಬರೆದಿದ್ದಾನೆ. ಹಲವರು ಅದನ್ನು ಗಟ್ಟಿಯಾಗಿ ಕೂಗಿ ಚಪ್ಪಾಳೆ ಗಿಟ್ಟಿಸುತ್ತಾರೆ. ಇಲ್ಲಿನ ಗಾಯಕ ಬರೆದಂತೆಯೇ ಹಾಡಲು ಹೋದ. ಸ್ವರ ಒಂದು ಕ್ಷಣ ನಡುಗಿತು. ಆ ನಡುಕವೇ ನನಗೆ ಹಿತವೆನಿಸಿತು, ಏಕೆಂದರೆ ಅಲ್ಲಿ ಇರುವುದು ಗೆದ್ದ ವೀರನಲ್ಲ, ಕನಸು ಕಾಣುತ್ತಿರುವ ಪ್ರೇಮಿ.

ಮೆರವಣಿಗೆಯ ದೃಶ್ಯದಲ್ಲಿ ನಿರ್ದೇಶಕರು ಅರ್ಧ ದಾರಿ ಮಾತ್ರ ಚೆನ್ನಾಗಿ ಸಾಗಿದರು. ಉದ್ದನೆಯ ತುತ್ತೂರಿಗಳನ್ನು ಮೂರು ಮೂರರಂತೆ ಎದುರುಬದುರಿನ ಉಪ್ಪರಿಗೆಗಳಲ್ಲಿ ನಿಲ್ಲಿಸಿದ್ದರಿಂದ, ಒಂದು ಶ್ರುತಿಯಲ್ಲಿ ಎಡಗಡೆ ಮೊಳಗಿದ ರಾಗವೇ ಮತ್ತೊಂದು ಶ್ರುತಿಗೆ ಜಿಗಿದು ಬಲಗಡೆಯಿಂದ ಬಂದಾಗ ಇಡೀ ಸಭಾಂಗಣ ಬೆಳಗಿದಂತಾಯಿತು. ಸೈನ್ಯವನ್ನು ತೋರಿಸದೆ, ಅದನ್ನು ನೋಡುವ ಜನರ ಮುಖಗಳನ್ನಷ್ಟೇ ನಮಗೆ ತೋರಿಸಿದ್ದೂ ಸೊಗಸಾಗಿತ್ತು. ಅಷ್ಟಕ್ಕೆ ಬಿಡದೆ, ನೃತ್ಯದ ಭಾಗಕ್ಕೆ ಹಿಂದಿನ ಪರದೆಯ ಮೇಲೆ ಆಧುನಿಕ ಯುದ್ಧದ ಚಿತ್ರಗಳನ್ನು ಓಡಿಸಿದ್ದು ಮಾತ್ರ ಅನಗತ್ಯ. ಸಂಗೀತ ಆಗಲೇ ಹೇಳಿದ್ದನ್ನು ಪರದೆ ಮತ್ತೆ ಕೂಗಿ ಹೇಳಿತು.

ಪ್ರಯೋಗದ ಜೀವಾಳ ಮೂರನೆಯ ಅಂಕದಲ್ಲಿದೆ. ನೈಲ್ ದಂಡೆಯ ರಾತ್ರಿಗೆ ರಂಗದ ಮೇಲೆ ಇದ್ದದ್ದು ಒಂದು ಒದ್ದೆ ನೆಲ ಮತ್ತು ಓರೆ ಬೆಳಕು. ಸೆರೆಸಿಕ್ಕಿದ ಇಥಿಯೋಪಿಯಾದ ಅರಸ, ಆಯಿದಾಳ ತಂದೆ ಆಮೊನಾಸ್ರೊ, ಪ್ರಿಯಕರನಿಂದ ಸೇನೆಯ ಗುಟ್ಟು ಪಡೆಯಲೊಪ್ಪದ ಮಗಳಿಗೆ ‘ನೀನು ನನ್ನ ಮಗಳಲ್ಲ, ಫೇರೋಗಳ ದಾಸಿ’ ಎಂದು ಶಪಿಸುವಾಗ ಅವಳನ್ನು ಮುಟ್ಟಲೂ ಇಲ್ಲ, ಬೆನ್ನು ತಿರುಗಿಸಿ ನಿಂತ; ಆ ಬೆನ್ನಿನ ಮುಂದೆ ಆಯಿದಾ ನೆಲಕ್ಕೆ ಕುಸಿದು ತಾಯ್ನಾಡಿಗೆ ತೆರಬೇಕಾದ ಬೆಲೆಯನ್ನು ನುಡಿದಾಗ, ವಾದ್ಯವೃಂದದ ತಂತಿವಾದ್ಯಗಳಷ್ಟೇ ಅವಳ ಜೊತೆಗಿದ್ದಂತೆ ಕೇಳಿಸಿತು. ಮುಂದೆ ರಾದಮೇಸ್ ತನ್ನ ಸೇನೆ ಹಿಡಿಯಲಿರುವ ನಾಪಾತಾ ಕಣಿವೆಯ ದಾರಿಯನ್ನು ಆಯಿದಾಳಿಗೆ ಬಾಯಿಬಿಡುವುದು ಮೂರ್ಖತನವೆನಿಸದೆ ಸಹಜವೆನಿಸಿದ್ದು ಈ ತಯಾರಿಯ ಫಲ.

ಆ ದ್ರೋಹಕ್ಕಾಗಿ ನಡೆಯುವ ವಿಚಾರಣೆಯ ದೃಶ್ಯವೂ ಅಷ್ಟೇ ಬಿಗಿಯಾಗಿತ್ತು. ರಂಗದ ಅಡಿಯಿಂದ ಪುರೋಹಿತರ ದನಿ ರಾದಮೇಸನ ಹೆಸರನ್ನು ಕರೆಯುತ್ತದೆ, ಉತ್ತರ ಬಾರದು. ಮೇಲೆ ಆಮ್ನೇರಿಸ್ ಒಬ್ಬಳೇ ಆ ಮೌನವನ್ನು ಕೇಳಿಸಿಕೊಳ್ಳುತ್ತಾಳೆ. ಆ ಪಾತ್ರದ ಮೆಝೊ (ನಡುಮಟ್ಟದ ಹೆಣ್ಣು ದನಿಯ) ಗಾಯಕಿ ಇಡೀ ರಾತ್ರಿಯನ್ನು ತನ್ನದಾಗಿಸಿಕೊಂಡದ್ದು ಇಲ್ಲಿಯೇ.

ಕೊನೆಯ ದೃಶ್ಯಕ್ಕೆ ಮೂಲದಲ್ಲಿ ಎರಡು ಅಂತಸ್ತುಗಳಿವೆ: ಮೇಲೆ ದೇಗುಲ, ಕೆಳಗೆ ಪ್ರೇಮಿಗಳು ಜೀವಂತವಾಗಿ ಸಮಾಧಿಯಾಗುವ ನೆಲಮನೆ. ಇಲ್ಲಿ ಅದನ್ನು ಒಂದೇ ನೆಲದ ಮೇಲೆ ಬೆಳಕಿನ ಗೆರೆಯೊಂದರಿಂದ ಭಾಗಿಸಿದ್ದರಿಂದ, ಆಮ್ನೇರಿಸ್ ಶಾಂತಿ ಕೋರಿ ನಿಂತಿರುವುದು ಅವರ ತಲೆಯ ಮೇಲೆ ಎಂಬುದು ಮನಸ್ಸಿಗೆ ನಾಟಲಿಲ್ಲ. ಮೇಲಿನ ಮಹಡಿಯಿಂದ ನೋಡಿದ ಗೆಳೆಯನಿಗೆ ಆ ಗೆರೆ ಸ್ಪಷ್ಟವಾಗಿ ಕಂಡಿತಂತೆ. ಮೇಲೆ ಮೂಡುವ ಅನುವಾದದ ಸಾಲುಗಳನ್ನು ಓದಲು ಕತ್ತು ನೋಯಿಸಿಕೊಳ್ಳಬೇಕಾದ ಮುಂದಿನ ಆಸನಗಳ ಬದಲು ಅಲ್ಲಿಯೇ ಟಿಕೆಟ್ ಪಡೆಯುವುದು ಒಳಿತು.