ದಾದರ್‌ನಲ್ಲಿ ಇಳಿಯಲು: ‘ಗೆಟ್ ಡೌನ್’ ಸರಿಯೋ, ‘ಗೆಟ್ ಆಫ್’ ಸರಿಯೋ?

ಕನ್ನಡದಲ್ಲಿ ಮುಂಬೈಯ ಲೋಕಲ್ ರೈಲು, ಬೆಸ್ಟ್ ಸಂಸ್ಥೆಯ ಸಿಟಿ ಬಸ್, ಟ್ಯಾಕ್ಸಿ, ಏಣಿ ಎಲ್ಲಕ್ಕೂ ‘ಇಳಿ’ ಒಂದೇ ಸಾಕು. ಡೊಂಬಿವಲಿ ಲೋಕಲ್‌ನ ಬಾಗಿಲಲ್ಲಿ ‘ಗೆಟಿಂಗ್ ಡೌನ್ ಅಟ್ ದಾದರ್?’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಭಾರತದ ಇಂಗ್ಲಿಷಿನಲ್ಲಿ ಅದು ಬೇರೂರಿದ ಬಳಕೆ, ನಾಚಿಕೊಳ್ಳಬೇಕಿಲ್ಲ. ಆದರೆ ಲಂಡನ್ನಿನವರ ಕಿವಿಗೆ ಗೆಟ್ ಡೌನ್ ಅಂದರೆ ಮೊದಲು ಹೊಳೆಯುವುದು ಏಣಿಯಿಂದಲೋ ಮರದಿಂದಲೋ ಇಳಿಯುವುದು. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ, ವಿದೇಶಿ ಗ್ರಾಹಕರ ಜೊತೆಗಿನ ಮಾತಿಗೆ ಗೆಟ್ ಆಫ್ ಆರಿಸಿ.

ರೈಲು, ಬಸ್, ವಿಮಾನದಂತೆ ಒಳಗೆ ನಿಂತು ನಡೆದಾಡಬಹುದಾದವಕ್ಕೂ, ಬೈಕಿನಂತೆ ಮೇಲೆ ಹತ್ತಿ ಕೂರುವವಕ್ಕೂ ಗೆಟ್ ಆಫ್. ತಲೆ ಬಗ್ಗಿಸಿ ಒಳಹೊಕ್ಕು ಕೂರುವ ಕಾರು, ಟ್ಯಾಕ್ಸಿಗೆ ಗೆಟ್ ಔಟ್ ಆಫ್.

ನಮ್ಮವರು ಹೆಚ್ಚಾಗಿ ಎಡವುವುದು ‘ಗಾಟ್ ಆಫ್ ಫ್ರಮ್ ದ ಟ್ರೈನ್’ ಎನ್ನುವಲ್ಲಿ. ‘ರೈಲಿನಿಂದ’ ಎಂಬುದರ ‘ಇಂದ’ವೇ ಆ ಫ್ರಮ್ ಆಗಿ ನುಸುಳುತ್ತದೆ. ಆಫ್ ಇದ್ದಮೇಲೆ ಅದು ಬೇಡ: ‘ಐ ಗಾಟ್ ಆಫ್ ದ ಟ್ರೈನ್ ಅಟ್ ಮಾಟುಂಗಾ.’

ಟ್ಯಾಕ್ಸಿ ನಿಂತಾಗ ಅತಿಥಿಗೆ ಬರೀ ‘ಗೆಟ್ ಔಟ್’ ಅನ್ನಬೇಡಿ, ‘ತೊಲಗು’ ಅಂದಂತಾಗುತ್ತದೆ. ‘ವಿ ಕ್ಯಾನ್ ಗೆಟ್ ಔಟ್ ಹಿಯರ್’ ಅನ್ನಿ.